ತಿರುವಿನಲ್ಲಿ ಬಿದ್ದವನು

ಚಿಗರಪಲ್ಲಿ
೯–೧೨–೧೯೮೬

ಊರಿಗಾಮಿನ ಕ್ವಾರ್ಟರ್ಸಿನಲ್ಲಿ ಒಬ್ಬರೇ ಅನ್ನ ಸೀಯಿಸಿಕೊಂಡು ಉಣ್ಣುತ್ತಿರುವವರಿಗೆ,

ನಾನು ಚೆನ್ನಾಗಿದ್ದೇನೆ. ಹೊಟ್ಟೆಯಲ್ಲಿರುವುದೂ ಚೆನ್ನಾಗಿದೆ. ಕಾಮಸಮುದ್ರದ ಕಡೆಯಿಂದ ಸಂಜೆ ಬಸ್ಸು ಹಾರನ್ ಹೊಡೆದುಕೊಂಡು ಬಂದರೆ ಸಾಕು, ಒಳಗಿನಿಂದ ಒದೆಯುತ್ತದೆ. ಅಮ್ಮ ನಗುತ್ತಾಳೆ.

ಏಳನೇ ತಿಂಗಳಿಗೆ ತವರಿಗೆ ಬಂದವಳಿಗೆ ಇನ್ನೇನು ಚಿಂತೆ ಎಂದು ಎಲ್ಲರೂ ಕೇಳುತ್ತಾರೆ. ನನ್ನ ಚಿಂತೆ ನಿಮ್ಮ ಬೈಕು. ಹೋದ ಸಲ ನೀವು ಹೊರಟ ಮೇಲೆ ಜಗಲಿಯಲ್ಲಿ ಕೂತು ಅದರ ಸದ್ದು ಕೇಳುತ್ತಿದ್ದೆ. ತಿರುವು ದಾಟಿದ ಮೇಲೆ ಸದ್ದು ನಿಂತುಹೋಯಿತು. ದೂರ ಹೋದಿರೋ, ಬಿದ್ದಿರೋ ಹೇಗೆ ಗೊತ್ತಾಗಬೇಕು? ನಿಮ್ಮ ಕಾಗದ ಬರುವವರೆಗೆ ನನಗೆ ಊಟ ಸೇರಲಿಲ್ಲ. ದೀಪವಿಲ್ಲದ ಇಟ್ಟಿಗೆ ಲಾರಿಗಳು, ಅಡ್ಡ ಬರುವ ಎಮ್ಮೆಗಳು, ಕತ್ತಲಾದರೆ ಅಟ್ಟಿಸಿಕೊಂಡು ಬರುವ ನಾಯಿಗಳು. ಇದಕ್ಕೆಲ್ಲ ನಿಮ್ಮ ಗೆಳೆಯ ಆರುಮುಗಂ ಅವರ ತಂದೆಯ ಹಳೇ ಗಣಿ ಟೋಪಿ ಹಾಕಿಕೊಂಡರೆ ಸಾಕೇ? ಅದನ್ನು ಹಾಕಿಕೊಂಡು ನೀವು ಬಂದಾಗ ಬೀದಿಯ ಮಕ್ಕಳೆಲ್ಲ ಹಿಂದೆ ಓಡಿ ಬಂದರು.

ಬಂಗಾರಪೇಟೆವರೆಗೆ ರೈಲು, ಅಲ್ಲಿಂದ ಬಸ್ಸು. ತಡವಾದರೂ ಪರವಾಗಿಲ್ಲ, ಹಾಗೆ ಬನ್ನಿ. ಇಲ್ಲಿ ಹುರುಳಿ ಒಕ್ಕಣೆ ನಡೆದಿದೆ. ಅಪ್ಪನಿಗೆ ನನ್ನನ್ನು ಮಾತಾಡಿಸಲೂ ಪುರಸೊತ್ತಿಲ್ಲ. ಅಮ್ಮ ನಿಮಗೆಂದು ತುಪ್ಪ ಎತ್ತಿಟ್ಟಿದ್ದಾಳೆ.

ನಿಮ್ಮ ದಾರಿ ನೋಡುತ್ತಿರುವ,
ಅಲಮೇಲು


ಊರಿಗಾಂ
೧೭–೧೨–೧೯೮೬

ಅಲಮೇಲೂ,

ಭಾನುವಾರ ಕ್ಷೇಮವಾಗಿ ತಲುಪಿದೆ. ನೀನು ಬೇಡವೆಂದರೂ ಬೈಕಿನಲ್ಲೇ ಬಂದೆನೆಂದು ಮುಖ ಊದಿಸಿಕೊಂಡು ಕಳಿಸಿದೆಯಲ್ಲ, ಈಗಲಾದರೂ ಸಮಾಧಾನ ಮಾಡಿಕೋ.

ವಾಪಸು ಬರುವಾಗ ದಾರಿಯಲ್ಲಿ ಒಬ್ಬ ಬಿದ್ದಿದ್ದ. ಆಸ್ಪತ್ರೆಗೆ ಸೇರಿಸಿದೆ. ಅದಕ್ಕೇ ಕಾಗದ ಬರೆಯುವುದು ತಡವಾಯಿತು. ಬೇರೇನೂ ಇಲ್ಲ.

ಈ ಭಾನುವಾರ ಫ್ಯಾಕ್ಟರಿಯಲ್ಲಿ ಓವರ್‌ಟೈಮ್ ಇದೆ. ಮುಂದಿನ ವಾರವೂ ಇರಬಹುದು. ಬೈಕು ಸದ್ಯಕ್ಕೆ ರಿಪೇರಿಗೆ ಬಿಟ್ಟಿದ್ದೇನೆ, ಹಾಗಾಗಿ ಆ ಚಿಂತೆಯೂ ನಿನಗೆ ಬೇಡ. ಅತ್ತೆ ಕೊಟ್ಟ ತುಪ್ಪ ಚೆನ್ನಾಗಿದೆ. ಬೆಳಿಗ್ಗೆ ಸ್ವಲ್ಪ ನಡೆದಾಡು.

ಮಾವನವರು ಹೇಗಿದ್ದಾರೆ? ಬರೆ.

ನಿನ್ನ,
ಕೋದಂಡ


ಚಿಗರಪಲ್ಲಿ
೨೩–೧೨–೧೯೮೬

ನಮ್ಮ ಮನೆಯವರಿಗೆ,

ಡೈರಿಗೆ ಹಾಲು ಹಾಕಲು ಹೋಗುವ ಚಿಕ್ಕಮುನಿಯಪ್ಪ ಮಾವ ಇವತ್ತು ಬೆಳಿಗ್ಗೆ ಬಂದು, ನಾನು ಒಳಗಿದ್ದೇನೆಂದು ತಿಳಿಯದೆ ಅಮ್ಮನಿಗೆ ಹೇಳಿದ: “ನಿಮ್ಮ ಅಳಿಯನ್ನ ಸ್ಟೇಸನ್‌ಗೆ ಕರಸ್ಕಂಡವ್ರಂತೆ ಕಣಕ್ಕಾ. ಯಾವನ್ಗೋ ಗುದ್ದಿದ್ರಂತೆ. ಗಾಡಿನೂ ಅಲ್ಲೇ ಇಟ್ಕಂಡವ್ರೆ.”

ಬೈಕು ರಿಪೇರಿಗೆ ಬಿಟ್ಟಿದ್ದೇನೆ ಎಂದು ಬರೆದಿರಲ್ಲ. ಹೀಗೆ ಯಾರ ಬಾಯಿಂದಲೋ ಕೇಳಬೇಕಾಯಿತೇ ನಾನು?

ನೀವು ಗುದ್ದಿಲ್ಲ. ಗುದ್ದಿದ್ದರೆ ಮೊದಲು ನನಗೆ ಹೇಳುತ್ತಿದ್ದಿರಿ, ಅಷ್ಟು ನನಗೆ ಗೊತ್ತು. ಹಾಗಿದ್ದರೆ ಯಾಕೆ ನಿಲ್ಲಿಸಿದಿರಿ? ರಸ್ತೆಯಲ್ಲಿ ಬಿದ್ದವರನ್ನು ಮುಟ್ಟಿದವರ ತಲೆಗೇ ಬರುತ್ತದೆಂದು ಊರಿಗೆಲ್ಲ ಗೊತ್ತು. ನಿಮ್ಮ ಹೆಂಡತಿ ಈ ಸ್ಥಿತಿಯಲ್ಲಿ ಇದ್ದಾಳೆಂದು ಆಗ ಒಂದು ಸಲವಾದರೂ ನೆನಪಾಗಲಿಲ್ಲವೇ?

ಕೆಟ್ಟದಾಗಿ ಬರೆಯುತ್ತಿದ್ದೇನೆ. ಅವನು ಯಾರು, ಬದುಕಿದ್ದಾನೆಯೇ, ನಿಮ್ಮನ್ನು ಯಾರಾದರೂ ಹೊಡೆದರೇ? ಏನನ್ನೂ ಬಿಡದೆ ಬರೆಯಿರಿ. ನನಗೆ ಏನೂ ಆಗುವುದಿಲ್ಲ. ಗೊತ್ತಾಗದೆ ಇದ್ದರೇ ಆಗುವುದು.

ಅಪ್ಪನನ್ನು ಕೇಳಿದರೆ “ಯಾವನೋ ಬಿದ್ನಂತೆ” ಎಂದು ಎದ್ದು ಹೋದರು. ಅವರಿಗೂ ಮೈಯಲ್ಲಿ ಸರಿಯಿಲ್ಲ, ಸರಿಯಾಗಿ ಉಣ್ಣುತ್ತಿಲ್ಲ.

ಅಲಮೇಲು


ಊರಿಗಾಂ
೨೮–೧೨–೧೯೮೬

ಅಲಮೇಲೂ,

ಬೈಯಿ. ಬೈಸಿಕೊಳ್ಳುವ ಕೆಲಸವನ್ನೇ ಮಾಡಿದ್ದೇನೆ. ಈಗ ನಡೆದದ್ದನ್ನು ಬರೆಯುತ್ತೇನೆ.

ಅವತ್ತು ನಿಮ್ಮ ಊರು ಬಿಟ್ಟು ತಿರುವಿನ ಹತ್ತಿರ ಬಂದೆ. ಹೊತ್ತು ಮುಳುಗಿತ್ತು, ಬೆಳಕಿನ್ನೂ ಇತ್ತು. ಎದುರಿನಿಂದ ಒಂದು ಬೈಕು ಬಂತು. ಜೋರಾಗೇನೂ ಬರುತ್ತಿರಲಿಲ್ಲ. ತಿರುಗುವಾಗ ಹಿಂದಿನ ಚಕ್ರ ಪಕ್ಕಕ್ಕೆ ಸರಿದು, ಗಾಡಿ ಮಲಗಿಕೊಂಡು ಎಳೆದುಕೊಂಡು ಹೋಯಿತು. ಅವನ ತಲೆ ಮೋರಿಯ ಕಲ್ಲಿಗೆ ಬಡಿದ ಸದ್ದು ನನಗೆ ಕೇಳಿಸಿತು. ಈಗಲೂ ಕೇಳಿಸುತ್ತದೆ.

ನಾನು ಸ್ಟ್ಯಾಂಡ್ ಕೂಡ ಹಾಕದೆ ಬೈಕು ಬಿಟ್ಟು ಓಡಿದೆ. ಅದು ಅವನ ಬೈಕಿನ ಮೇಲೇ ಬಿದ್ದು ದೀಪ ಒಡೆಯಿತು. ಪೊಲೀಸಿನವರಿಗೆ ಸಿಕ್ಕಿದ ಸಾಕ್ಷಿ ಅಷ್ಟೇ. ಒಂದರ ಮೇಲೊಂದು ಬಿದ್ದಿರುವ ಎರಡು ಗಾಡಿಗಳು.

ಹೊಲಗಳಿಂದ ನಾಲ್ಕೈದು ಜನ ಓಡಿ ಬಂದರು. “ಮುಟ್ಬ್ಯಾಡ ಕಣಯ್ಯಾ, ಪೋಲೀಸ್ನೋರು ಬರ್ಲಿ” ಎಂದ ಒಬ್ಬ. ಬಾಯಿಗೆ ನೀರು ಹಾಕಲು ಬಂದವನನ್ನು ತಡೆದೆ. ಫ್ಯಾಕ್ಟರಿಯಲ್ಲಿ ಕಲಿಸಿದ್ದರಲ್ಲ, ಪ್ರಜ್ಞೆಯಿಲ್ಲದವನಿಗೆ ನೀರು ಕುಡಿಸಿದರೆ ಉಸಿರಿಗೆ ಹೋಗುತ್ತದೆಂದು. ನನ್ನ ಅಂಗಿ ಬಿಚ್ಚಿ ಗಾಯಕ್ಕೆ ಒತ್ತಿಹಿಡಿದೆ. ಒಂದು ಕಾರು ಮೆಲ್ಲಗಾಗಿ, ನೋಡಿ, ಹೊರಟುಹೋಯಿತು. ಆಮೇಲೆ ಖಾಲಿ ಇಟ್ಟಿಗೆ ಲಾರಿ ಬಂತು. ನಾನು ರಸ್ತೆಯ ಮಧ್ಯೆ ನಿಂತೆ.

“ಸೈಡಿಗ್ ಓಗ್ರೀ. ಗಾಡೀಲಿ ರಕ್ತ ಆದ್ರೆ ಓನರು ನನ್ನ ಬಿಡಾಕಿಲ್ಲ.”

“ಹಾಗಾದರೆ ನನ್ನ ಮೇಲೆ ಹತ್ತಿಸಿಕೊಂಡು ಹೋಗು” ಎಂದೆ. ಎಲ್ಲಿಂದ ಆ ಧೈರ್ಯ ಬಂತೋ. ಅವನು ಬೈದುಕೊಂಡೇ ಇಳಿದು, ಬೈದುಕೊಂಡೇ ಕಾಲು ಹಿಡಿದ. ಕತ್ತು ಅಲುಗದ ಹಾಗೆ ಎತ್ತಿದೆವು. ಬಂಗಾರಪೇಟೆವರೆಗೂ ಇಟ್ಟಿಗೆ ಪುಡಿಯ ಮೇಲೆ ಕೂತು ಆ ತಲೆಯನ್ನು ತೊಡೆಗಳ ನಡುವೆ ಹಿಡಿದುಕೊಂಡಿದ್ದೆ. ನಿನ್ನ ನೆನಪು ಬರಲಿಲ್ಲವೇ ಎಂದು ಕೇಳಿದ್ದೀಯ. ಬೇರೆ ಯಾರ ನೆನಪೂ ಬರಲಿಲ್ಲ. ಇದೇ ರಸ್ತೆಯಲ್ಲಿ ನಾನು ಬಿದ್ದಿದ್ದರೆ ನೀನು ಜಗಲಿಯಲ್ಲಿ ಕೂತು ಸದ್ದು ನಿಂತಿತೆಂದುಕೊಳ್ಳುತ್ತಿದ್ದೆ.

ಅವನ ಹೆಸರು ಪೆರುಮಾಳ್. ಇಲ್ಲೇ ನಂದಿದುರ್ಗ ಗಣಿಯ ಕಾರ್ಮಿಕರ ಲೈನಿನವನು. ಹಳ್ಳಿಗಳ ಮೇಲೆ ಹೋಗಿ ರೇಡಿಯೋ ರಿಪೇರಿ ಮಾಡುತ್ತಾನೆ. ತಂದೆ ಗಣಿಯಲ್ಲೇ ತೀರಿಹೋದರಂತೆ. ತಾಯಿ ಕನಕಮ್ಮ ಆಸ್ಪತ್ರೆಗೆ ಬಂದವರೇ ನನ್ನ ಬನಿಯನ್ ಹಿಡಿದುಕೊಂಡರು.

“ನೀನ್ ತಾನೇ ಗುದ್ದಿದ್ದು?”

“ಇಲ್ಲಮ್ಮ, ನಾನು ಎತ್ತಿಕೊಂಡು ಬಂದೆ ಅಷ್ಟೇ.”

“ಗುದ್ದಿಲ್ಲಾಂದ್ರೆ ಯಾಕ್ ಎತ್ಕೊಂಡ್ ಬಂದೆ? ಯಾರ್ ತರ್ತಾರೆ ಸಾಮಿ ಈ ಕಾಲದಲ್ಲಿ, ಯಾರ್ ತರ್ತಾರೆ?”

ಅವರ ಕಡೆಯ ಹುಡುಗರು ಒಂದೆರಡು ಏಟು ಹಾಕಿದರು. ತುಟಿ ಒಡೆದಿತ್ತು, ಈಗ ವಾಸಿಯಾಗಿದೆ. ಪೆರುಮಾಳ್ ಇನ್ನೂ ಕಣ್ಣು ಬಿಟ್ಟಿಲ್ಲ. ಈಗ ಇಲ್ಲಿನ ಗಣಿ ಆಸ್ಪತ್ರೆಗೆ ತಂದಿದ್ದಾರೆ. ಶಿಫ್ಟು ಮುಗಿದ ಮೇಲೆ ಹೋಗಿ ನಿಲ್ಲುತ್ತೇನೆ. ಕನಕಮ್ಮ ದಿನಾ ಬೈಯುತ್ತಾರೆ.

ಅವನಾಗಿ ಜಾರಿ ಬಿದ್ದ ಎಂದು ಠಾಣೆಯಲ್ಲಿ ಹೇಳಿದ್ದೇನೆ. ನಂಬುವುದು ಬಿಡುವುದು ಅವರಿಗೆ ಬಿಟ್ಟದ್ದು.

ಕೋದಂಡ


ಚಿಗರಪಲ್ಲಿ
೫–೧–೧೯೮೭

ನಮ್ಮ ಮನೆಯವರಿಗೆ,

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆನೋ. ಬೈದದ್ದಕ್ಕೆ ಕ್ಷಮಿಸಿ. ಕನಕಮ್ಮನವರ ಮಾತಿಗೆ ನಿಮ್ಮ ಮೇಲೆ ಸಿಟ್ಟು ಬರಲಿಲ್ಲ, ಅವರ ಮೇಲೂ ಬರಲಿಲ್ಲ.

ಆದರೆ ಒಂದು ಮಾತು ಬರೆದಿಲ್ಲ ನೀವು. ಅವನು ಯಾತರ ಮೇಲೆ ಜಾರಿದ?

ಮಳೆ ಬಂದು ತಿಂಗಳಾಗಿದೆ. ಡಾಂಬರು ಒಣಗಿದೆ. ನೀವು ಹೇಳಿದಂತೆ ಬೆಳಿಗ್ಗೆ ನಡೆದಾಡುತ್ತೇನಲ್ಲ, ನಿನ್ನೆ ಅಮ್ಮನನ್ನು ಕರೆದುಕೊಂಡು ತಿರುವಿನವರೆಗೂ ಹೋದೆ. ಅಮ್ಮ ಬರಲು ಒಪ್ಪಲಿಲ್ಲ, ನಾನು ಬಿಡಲಿಲ್ಲ. ಮೋರಿಯ ಕಲ್ಲು ಇನ್ನೂ ಕಪ್ಪಗಿದೆ. ಅದರ ಸಂದಿಯಲ್ಲಿ ಹುರುಳಿ ಹೊಟ್ಟು ಸಿಕ್ಕಿಕೊಂಡಿದೆ, ಕಾಳೂ ಇದೆ. ಮೋರಿಯ ಮೇಲಿನ ಹೊಲ ಯಾರದೆಂದು ನಿಮಗೆ ಗೊತ್ತು.

ಇಲ್ಲಿ ಎಲ್ಲರೂ ಹುರುಳಿ ಕಿತ್ತು ರಸ್ತೆಗೆ ಹರಡುತ್ತಾರೆ. ಬಸ್ಸು ಲಾರಿ ಓಡಿದರೆ ಒಕ್ಕಣೆ ತಾನಾಗಿ ಆಗುತ್ತದೆ. ಡಾಂಬರು ಬಂದಾಗಿನಿಂದ ಅಪ್ಪನೂ ಹಾಗೇ ಮಾಡಿದವರು. ಈ ವರ್ಷ ಅರ್ಧ ಒಕ್ಕಣೆಯಲ್ಲಿ ಎಲ್ಲವನ್ನೂ ಮನೆ ಅಂಗಳಕ್ಕೆ ಹೊತ್ತು ತಂದು, ಸೊಂಟ ನೋವಿದ್ದರೂ ಒಬ್ಬರೇ ಕೋಲಿನಲ್ಲಿ ಬಡಿಯುತ್ತಿದ್ದಾರೆ. ಯಾಕಪ್ಪಾ ಎಂದರೆ, “ರಸ್ತೆ ಸರ್ಕಾರದ್ದು ಕಣಮ್ಮ” ಎನ್ನುತ್ತಾರೆ.

ನಿಮಗೆ ಗೊತ್ತಿತ್ತೇ? ಗೊತ್ತಿದ್ದೂ ಠಾಣೆಯಲ್ಲಿ ಹೇಳಲಿಲ್ಲವೇ? ಇಲ್ಲ ಎಂದು ಬರೆದರೆ ನಂಬುತ್ತೇನೆ. ಬೇಗ ಬರೆಯಿರಿ.

ಅಲಮೇಲು


ಚಿಗರಪಲ್ಲಿ
೧೯–೧–೧೯೮೭

ಹಬ್ಬಕ್ಕೆ ಬರುತ್ತೀರೆಂದು ಕಾದೆ. ಬರಲಿಲ್ಲ. ಕಾಗದವೂ ಇಲ್ಲ.

ನೀವು ಬರೆಯದಿರುವುದೇ ನನಗೆ ಉತ್ತರವೆಂದುಕೊಳ್ಳಲೇ?

ಕಾಲು ಊದಿಕೊಂಡಿದೆ. ನರ್ಸಮ್ಮ ಬಂದು ನೋಡಿ, ಉಪ್ಪು ಕಡಿಮೆ ಮಾಡು, ಯೋಚನೆ ಮಾಡಬೇಡ ಎಂದು ಹೇಳಿ ಹೋದರು. ಉಪ್ಪು ಕಡಿಮೆ ಮಾಡಿದ್ದೇನೆ.

ಅ.


ಊರಿಗಾಂ
೨೨–೧–೧೯೮೭

ಅಲಮೇಲೂ,

ಗೊತ್ತಿತ್ತು.

ಅವತ್ತು ಮಧ್ಯಾಹ್ನ ಬರುವಾಗಲೇ ಆ ಹುರುಳಿಯ ಮೇಲೆ ನನ್ನ ಚಕ್ರವೂ ಜಾರಿ, ಕಾಲು ಊರಿ ಉಳಿದುಕೊಂಡಿದ್ದೆ. ಕಾಳು ಚಕ್ರದ ಕೆಳಗೆ ಗೋಲಿಯ ಹಾಗೆ ಉರುಳುತ್ತದೆ. ಮಾವನವರು ಅಲ್ಲೇ ಇದ್ದರು. ಸಂಜೆಗೆ ಮುಂಚೆ ತೆಗೆಸಿಬಿಡಿ ಮಾವ ಎಂದೆ. ಆಗಲಿ ಎಂದರು.

ಮಾರನೆಯ ದಿನ ಕಾನ್‌ಸ್ಟೇಬಲ್ ನನ್ನನ್ನು ಜಾಗ ತೋರಿಸಲು ಕರೆದುಕೊಂಡು ಬಂದರು. ರಸ್ತೆ ತೊಳೆದಿಟ್ಟ ಹಾಗಿತ್ತು. ಮಣ್ಣಿನಲ್ಲಿ ಪೊರಕೆಯ ಗೆರೆಗಳು ಮಾತ್ರ ಇದ್ದವು. “ಎಲ್ಲಯ್ಯಾ, ಇಲ್ಲಿ ಜಾರೋಂಥಾದ್ದು ಏನೈತೆ?” ಎಂದರು ಅವರು. ನಾನು ಹೊಲದ ಕಡೆ ನೋಡಿದೆ. ಮಾವನವರು ಬದುವಿನ ಮೇಲೆ ನಮಗೆ ಬೆನ್ನು ಮಾಡಿಕೊಂಡು ನಿಂತಿದ್ದರು. ಕೆಲಸವೇನೂ ಮಾಡುತ್ತಿರಲಿಲ್ಲ, ಸುಮ್ಮನೆ ನಿಂತಿದ್ದರು.

“ಗೊತ್ತಿಲ್ಲ ಸಾರ್” ಎಂದುಬಿಟ್ಟೆ.

ಆ ಮಾತನ್ನು ಯೋಚಿಸಿ ಆಡಲಿಲ್ಲ. ಆಡಿದ ಮೇಲೆ ಯೋಚಿಸಿದೆ. ನೀನು ಅವರ ಮನೆಯಲ್ಲಿದ್ದೀಯ. ಆ ಅಂಗಳಕ್ಕೆ ಪೊಲೀಸಿನವರು ಬಂದು, ನಿನ್ನ ಎದುರಿಗೆ ಅವರನ್ನು ಕರೆದುಕೊಂಡು ಹೋದರೆ? ಅದಕ್ಕಿಂತ ಮಾವನವರು ತಾವಾಗಿಯೇ ಠಾಣೆಗೆ ಬರುತ್ತಾರೆಂದು ಕಾದೆ. ಹಬ್ಬದವರೆಗೂ ಕಾದೆ. ಹಬ್ಬಕ್ಕೆ ನಾನು ಬಂದರೆ ಅವರ ಜೊತೆ ಒಂದೇ ಸಾಲಿನಲ್ಲಿ ಕೂತು ಊಟ ಮಾಡಬೇಕಿತ್ತು. ಅದಕ್ಕೇ ಬರಲಿಲ್ಲ.

ಪೆರುಮಾಳ್ ಕಣ್ಣು ಬಿಟ್ಟಿದ್ದಾನೆ. ತಾಯಿಯ ಗುರುತು ಹತ್ತುತ್ತದೆ. ಬಿದ್ದದ್ದು ನೆನಪಿಲ್ಲ. ಬಲಗೈಗೆ ಹಿಡಿತವೇ ಇಲ್ಲ. ರೇಡಿಯೋ ರಿಪೇರಿ ಮಾಡುವವನಿಗೆ ಬಲಗೈ.

ನನ್ನ ಮೇಲೆ ಕೇಸು ಕೋರ್ಟಿಗೆ ಹೋಗುತ್ತದಂತೆ. ಹೋದರೆ ಫ್ಯಾಕ್ಟರಿಯಲ್ಲಿ ಸಸ್ಪೆಂಡ್ ಮಾಡಬಹುದು, ಈ ಮನೆ ಬಿಡಬೇಕಾಗಬಹುದು ಎಂದು ಆರುಮುಗಂ ಹೇಳುತ್ತಾನೆ. ಮಗು ಬರುವ ಹೊತ್ತಿಗೆ ಏನಾಗಿರುತ್ತದೋ. ಆದರೂ ನೀನು ಮಾವನವರನ್ನು ಏನೂ ಕೇಳಬೇಡ. ಹೆರಿಗೆ ಮುಗಿಯಲಿ. ಇದೊಂದು ಮಾತು ನಡೆಸಿಕೊಡು.

ಕೋದಂಡ


ಚಿಗರಪಲ್ಲಿ
೩೦–೧–೧೯೮೭

ನಿಮ್ಮ ಮಾತು ನಡೆಸಿಕೊಡಲಾಗಲಿಲ್ಲ.

ಈ ಕಾಗದವನ್ನು ಚಿಕ್ಕಮುನಿಯಪ್ಪ ಮಾವನ ಕೈಯಲ್ಲಿ ಕಳಿಸುತ್ತಿದ್ದೇನೆ. ಅಪ್ಪ ಅಲ್ಲಿಗೆ ಬಂದಿದ್ದಾರೆಯೇ? ಅದನ್ನು ಮೊದಲು ಹೇಳಿ ಕಳಿಸಿ.

ನಿನ್ನೆ ಸಂಜೆ ಅಪ್ಪ ಹಸುವಿಗೆ ಹುಲ್ಲು ಹಾಕುತ್ತಿದ್ದರು. ನಾನು ಕೊಟ್ಟಿಗೆಯ ಕಂಬ ಹಿಡಿದು ನಿಂತು ಹೇಳಿದೆ: “ಅವ್ನ ಎಸ್ರು ಪೆರುಮಾಳ್ ಅಂತಪ್ಪಾ.”

“ಯಾವನ್ದು?”

“ನಿನ್ನ ಉಳ್ಳಿ ಮೇಲೆ ಬಿದ್ದೋನ್ದು.”

ಅಪ್ಪ ಹುಲ್ಲು ಹಾಕುವುದನ್ನು ನಿಲ್ಲಿಸಲಿಲ್ಲ. ಹಸುವಿನ ಮುಂದೆ ರಾಶಿ ಬೆಳೆಯುತ್ತಲೇ ಹೋಯಿತು. ಆಮೇಲೆ ಕೂಗಾಡಿದರು. “ನಾನೊಬ್ನೇನಾ ಆಕಿದ್ದು? ಊರೆಲ್ಲಾ ಆಕ್ತದೆ. ನೋಡ್ಕಂಡ್ ಓಡುಸ್ಬೇಕಿತ್ತು ಅವ್ನು.”

“ಅವ್ರನ್ನ ಜೈಲಿಗ್ ಆಕ್ತಾರಪ್ಪಾ. ಕೆಲ್ಸನೂ ಓಗ್ತದೆ. ನಿನ್ ಎಸ್ರು ಏಳ್ದಲೆ ಕೂತವ್ರೆ.”

ಅದು ಅಪ್ಪನಿಗೆ ಗೊತ್ತಿರಲಿಲ್ಲ. ನೀವು ಆಗಲೇ ಹೇಳಿರುತ್ತೀರಿ, ಇವತ್ತಲ್ಲ ನಾಳೆ ಪೊಲೀಸರು ಬರುತ್ತಾರೆಂದು ಇಷ್ಟು ದಿನ ಬಾಗಿಲು ನೋಡುತ್ತಿದ್ದರಂತೆ. ಊಟ ಬಿಟ್ಟದ್ದು ಅದಕ್ಕೆ. ಕೆಳಗೆ ಕುಸಿದು ಕೂತರು.

“ಅಳಿಯ ಏಳಿದ್ರು ಕಣಮ್ಮ, ತೆಗೀರಿ ಮಾವ ಅಂತ. ಇನ್ನೊಂದ್ ಬಸ್ ಓಡ್ಲಿ, ಕಾಳು ಪೂರ್ತಿ ಬಿಡ್ತದೆ, ಆಮ್ಯಾಕ್ ತೆಗುದ್ರಾಯ್ತು ಅಂದ್ಕಂಡು ಮನೇಗ್ ಬಂದೆ. ಆ ಬಸ್ಸು ಅವತ್ತು ಬರ್ಲೇ ಇಲ್ಲ. ಓಗಿ ನೋಡಿದ್ರೆ ರಕ್ತ. ಕೈ ತಾನಾಗೇ ಪೊರ್ಕೆ ಇಡ್ಕಂತು.”

ಇಷ್ಟೇ ಹೇಳಿದ್ದು. ಅಮ್ಮ ಒಳಗಿನಿಂದ ಎಲ್ಲ ಕೇಳಿಸಿಕೊಂಡಳು. ಅವಳಿಗೂ ಮೊದಲೇ ಗೊತ್ತಿತ್ತೆಂದು ಅವಳ ಮುಖ ನೋಡಿದಾಗ ನನಗೆ ತಿಳಿಯಿತು.

ಇವತ್ತು ಬೆಳಗಾಗುವಷ್ಟರಲ್ಲಿ ಅಪ್ಪ ಇಲ್ಲ. ಟವಲ್ಲು ಚಪ್ಪಲಿ ಬಿಟ್ಟರೆ ಏನೂ ತೆಗೆದುಕೊಂಡು ಹೋಗಿಲ್ಲ. ಬಸ್ ಹತ್ತಿದ್ದನ್ನು ಯಾರೂ ನೋಡಿಲ್ಲ. ಜನ ಬಾವಿಗಳ ಹತ್ತಿರ ಹೋಗಿ ಬಗ್ಗಿ ನೋಡುತ್ತಿದ್ದಾರೆ. ಅಮ್ಮ ನನ್ನ ಜೊತೆ ಮಾತಾಡುತ್ತಿಲ್ಲ. “ನೀನ್ ಯಾಕ್ ಕೇಳ್ದೆ” ಎಂದು ಒಂದೇ ಸಲ ಅಂದಳು.

ನಾನು ಯಾಕೆ ಕೇಳಿದೆ? ಕೇಳದೆ ಇರಬೇಕಿತ್ತೇ? ಸೊಂಟ ಹಿಡಿದುಕೊಳ್ಳುತ್ತಿದೆ. ನೋವೋ ಹೆದರಿಕೆಯೋ ಗೊತ್ತಾಗುತ್ತಿಲ್ಲ. ಒಂದು ಸುದ್ದಿ ಕಳಿಸಿ.

ಅಲಮೇಲು


ಊರಿಗಾಂ
೬–೨–೧೯೮೭

ಅಲಮೇಲೂ,

ಮಾವನವರು ಇಲ್ಲಿದ್ದಾರೆಂದು ನಾನು ಕೊಟ್ಟ ತಂತಿ ಅವತ್ತೇ ತಲುಪಿತೆಂದು ಚಿಕ್ಕಮುನಿಯಪ್ಪ ಮಾವ ಹೇಳಿದರು. ಅಷ್ಟರಲ್ಲಿ ನೀನು ಎಷ್ಟು ಒದ್ದಾಡಿದೆಯೋ. ಮಾವನವರು ಕ್ಷೇಮ. ಇದನ್ನು ಅತ್ತೆಗೂ ಓದಿ ಹೇಳು.

ಅವತ್ತು ಶಿಫ್ಟು ಮುಗಿಸಿ ಬಂದರೆ ನಮ್ಮ ಬಾಗಿಲಲ್ಲಿ ಕೂತಿದ್ದರು. ಬಂಗಾರಪೇಟೆವರೆಗೂ ನಡೆದು, ಅಲ್ಲಿಂದ ರೈಲು ಹತ್ತಿ ಬಂದಿದ್ದರು. ನೀರು ಕೊಟ್ಟರೆ ಕುಡಿಯಲಿಲ್ಲ. “ಆ ತಾಯಿ ಎಲ್ಲವ್ಳೆ, ಮೊದ್ಲು ಅಲ್ಲಿಗೆ ಕರ್ಕಂಡ್ ಓಗಿ ಅಳಿಯಂದ್ರೆ. ಪೋಲೀಸ್ನೋರ್ನ ಆಮ್ಯಾಕ್ ನೋಡಾನ” ಎಂದರು.

ಆಸ್ಪತ್ರೆಯಲ್ಲಿ ಕನಕಮ್ಮ ಮಗನಿಗೆ ಗಂಜಿ ತಿನ್ನಿಸುತ್ತಿದ್ದರು. ಮಾವನವರು ಮಂಚದ ಕೊನೆಯಲ್ಲಿ ನಿಂತು ಟವಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡರು. “ಅಮ್ಮಾ, ನಾನು ಅಶ್ವತ್ಥಪ್ಪ ಅಂತ, ಚಿಗರಪಲ್ಲಿಯೋನು. ರಸ್ತೇಲಿ ಉಳ್ಳಿ ಆಕಿದ್ದೋನು ನಾನು. ನಿನ್ ಮಗ ಅದ್ರ ಮೇಲೆ ಜಾರಿದ್ದು. ಆಮ್ಯಾಕ್ ಗುಡಿಸ್ಬಿಟ್ಟೋನೂ ನಾನೇ. ಇವ್ರು ಎತ್ಕಂಡ್ ಬಂದ್ರು, ಅಷ್ಟೇ.”

ಕನಕಮ್ಮ ಕೂಗುತ್ತಾರೆ, ಹೊಡೆಯುತ್ತಾರೆ ಎಂದುಕೊಂಡೆ. ಅವರು ನನ್ನನ್ನು ನೋಡಿದರು.

“ನಿನಗ್ ತಿಳಿದಿತ್ತಾ?”

“ತಿಳಿದಿತ್ತಮ್ಮ.”

“ದಿನಾ ಬೈದೆನಲ್ಲಾ ನಿನ್ನ. ನಿನ್ ಮನೆ ಹಾಳಾಗ್ಲಿ ಅಂದೆ. ನಿನ್ ಹೆಂಡ್ತಿ ಬಸ್ರಿ ಅಂತ ಆರುಮುಗಂ ಹೇಳಿದ್ ಮೇಲೂ ಅಂದೆ. ಸುಮ್ಮನೆ ನಿಂತಿದ್ಯಲ್ಲಾ!” ಅವರಿಗೆ ಅಳು ಬಂತು. ನನ್ನ ಮೇಲಿನ ಸಿಟ್ಟೋ ಮರುಕವೋ ಹೇಳಲಾರೆ.

ಆಮೇಲೆ ಎದ್ದು ಗಂಜಿಯ ಲೋಟ ಚಮಚ ಮಾವನವರ ಕೈಗೆ ಕೊಟ್ಟರು. “ಮೆಲ್ಲಗ್ ಹಾಕ್ಬೇಕು. ನೆತ್ತಿಗ್ ಹತ್ತುತ್ತೆ. ಆಗಾಗ ಮಗ್ಗುಲು ತಿರುಗಿಸ್ಬೇಕು, ನನ್ನೊಬ್ಬಳ ಕೈಲಿ ಆಗಲ್ಲ. ಮನೆಗೋಗಿ ತಲೆಗೆ ನೀರ್ ಹಾಕ್ಕೊಂಡ್ ಬರ್ತೀನಿ. ಇವನನ್ನ ಬಿಟ್ಟು ಎಲ್ಲೂ ಹೋಗ್ಬಾರ್ದು ನೀನು.” ಹಾಗೆಂದು ಹಿಂತಿರುಗಿ ನೋಡದೆ ಹೋದರು. ಮಗ ಬಿದ್ದ ದಿನದಿಂದ ಅವರು ಆಸ್ಪತ್ರೆ ಬಿಟ್ಟದ್ದು ಅದೇ ಮೊದಲು ಎಂದು ನರ್ಸು ಹೇಳಿದರು.

ಮಾರನೆಯ ದಿನ ಠಾಣೆಗೆ ಹೋದೆವು. ಹೇಳಿಕೆ ಬರೆಸಿಕೊಂಡರು. ನಾನು ಗೊತ್ತಿಲ್ಲ ಎಂದದ್ದಕ್ಕೆ ಚೆನ್ನಾಗಿ ಉಗಿದರು. ಮೇಲಿನವರಿಗೆ ಬರೆಯುತ್ತಾರಂತೆ, ನನ್ನ ಹೆಸರು ಬಿಟ್ಟುಹೋಗಬಹುದಂತೆ. ಮಾವನವರು ಕೋರ್ಟಿಗೆ ಬರಬೇಕಾಗುತ್ತದೆ. ಏನಾಗುತ್ತದೋ ಯಾರೂ ಹೇಳುವುದಿಲ್ಲ. ನೀನು ಕೇಳಿದ್ದು ಸರಿಯೋ ತಪ್ಪೋ ಎಂದು ಬರೆದಿದ್ದೆ. ಕೇಳದಿದ್ದರೆ ಅವರು ಆ ಅಂಗಳದಲ್ಲೇ ಬಾಗಿಲು ನೋಡುತ್ತ ಕೂತು ಸಾಯುತ್ತಿದ್ದರು. ಇದನ್ನು ಅವರೇ ನನಗೆ ಹೇಳಿದರು. ಅತ್ತೆಗೆ ಇದನ್ನೂ ಓದಿ ಹೇಳು.

ಊರಿಗೆ ಹೋಗೋಣವೆಂದರೆ ಒಪ್ಪುತ್ತಿಲ್ಲ. ಬೆಳಿಗ್ಗೆ ಆಸ್ಪತ್ರೆಗೆ ಹೋದರೆ ಕತ್ತಲಾದ ಮೇಲೆ ನಮ್ಮ ಮನೆಗೆ ಬಂದು ಮಲಗುತ್ತಾರೆ. ಕನಕಮ್ಮ ಅವರ ಜೊತೆ ಬೇಕಾದಷ್ಟೇ ಮಾತು, ನೀರು ತಾ, ಆ ಕಡೆ ಹಿಡಿ, ಇಷ್ಟೇ. ನಿನಗೆ ನೋವು ಶುರುವಾದರೆ ಹಾಲಿನ ವ್ಯಾನಿನಲ್ಲಿ ಹೇಳಿ ಕಳಿಸು, ಇಬ್ಬರೂ ಬರುತ್ತೇವೆ.

ಪೆರುಮಾಳನ ಬಲಗೈ ಬೆರಳುಗಳನ್ನು ಬಿಡಿಸಿ ಮಡಿಸುತ್ತಿರಬೇಕೆಂದು ಡಾಕ್ಟರು ಹೇಳಿದ್ದಾರೆ. ಮಾವನವರು ಆ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ದಿನವೆಲ್ಲ ಅದನ್ನೇ ಮಾಡುತ್ತಾರೆ. ಇವತ್ತು ಮಧ್ಯಾಹ್ನ ನಾನು ಹೋದಾಗ, ಕಿರುಬೆರಳು ತಾನಾಗಿ ಮಡಿಚಿಕೊಂಡಿತು ಎಂದರು. ಕನಕಮ್ಮ ನಂಬಲಿಲ್ಲ. “ಎಲ್ಲಿ, ತೋರ್ಸು” ಎಂದು ಪಕ್ಕದಲ್ಲೇ ಬಂದು ಕೂತರು. ಪೆರುಮಾಳ್ ಹಣೆ ಗಂಟಿಕ್ಕಿಕೊಂಡು ತನ್ನ ಕೈಯನ್ನೇ ನೋಡುತ್ತಿದ್ದ. ಫ್ಯಾಕ್ಟರಿಯ ಸೈರನ್ ಆಗಿ ನಾನು ಎದ್ದು ಬರುವಾಗಲೂ ಮೂವರೂ ಆ ಬೆರಳನ್ನೇ ನೋಡುತ್ತ ಕೂತಿದ್ದರು.

ನಿನ್ನ,
ಕೋದಂಡ